ಕಾಪಿಯಲ್ಲಿದ್ದಂತೆ

"ಹೆಂಗಸು ಅಚ್ಚಿನ ಮೊಳೆ ಹೆಕ್ಕುವುದು ಕೋಳಿ ಕಾಳು ಹೆಕ್ಕಿದಂತೆ. ಹೆಕ್ಕುತ್ತದೆ, ಏನನ್ನು ಹೆಕ್ಕಿದೆನೆಂದು ಅದಕ್ಕೆ ತಿಳಿಯದು."

ಇದು ನಮ್ಮ ಧಣಿ ಡಾಲ್ಗಾರ್ನೊ ತನ್ನ ಪತ್ರಿಕೆಗೆ ಬರೆದ ಸಂಪಾದಕೀಯ. ಇದರ ಒಂದೊಂದು ಅಕ್ಷರವನ್ನೂ ಕೇಸಿನಿಂದ, ಅಂದರೆ ಮೊಳೆಯ ಖಾನೆಪೆಟ್ಟಿಗೆಯಿಂದ, ಹೆಕ್ಕಿ, ಸಾಲು ಮಾಡಿ, ದಾರ ಕಟ್ಟಿ ಅಚ್ಚಿಗೆ ಕೊಟ್ಟವಳು ನಾನು. ನೆಟ್ಟಿ ಕೌಲ್. 'ಪೋರ್ಟ್‌ಲೋಗಿ ಅಡ್ವರ್ಟೈಸರ್' ವಾರಪತ್ರಿಕೆಯ ಮೊಳೆಮನೆಯಲ್ಲಿ ಹನ್ನೊಂದು ವರ್ಷ ನಿಂತವಳು. ನಿಂತವಳು ಅಂತ ಯಾಕೆ ಹೇಳಿದೆ ಅಂದರೆ ಅಲ್ಲಿ ಹೆಂಗಸರಿಗೆ ಕೂರಲು ಏನೂ ಇರಲಿಲ್ಲ.

ಬೆಳಿಗ್ಗೆ ಎಂಟರಿಂದ ಸಂಜೆ ಆರು. ಎಡಗೈಯಲ್ಲಿ ಮೊಳೆ ಸಾಲಿಡುವ ಕಬ್ಬಿಣದ ಸ್ಟಿಕ್ಕು, ಬಲಗೈ ಕೇಸಿನೊಳಗೆ. ಗಂಟೆಗೆ ಸಾವಿರಕ್ಕೂ ಮೇಲೆ ಮೊಳೆ. ಕಾಲಿನ ನರ ಹುರಿಹಗ್ಗದಂತೆ ಎದ್ದಿತ್ತು. ಸೀಸದ ಪುಡಿ ಉಗುರಿನೊಳಗೆ, ಮೂಗಿನೊಳಗೆ, ಬ್ರೆಡ್ಡಿನ ತುಂಡಿನೊಳಗೆ. ಗ್ರಿಜೆಲಕ್ಕನ ವಸಡು ನೀಲಿಗಟ್ಟಿತ್ತು. ಚಳಿಗಾಲದಲ್ಲಿ ಒದ್ದೆ ಮೊಳೆ ಬಿಡಿಸುವಾಗ ಬೆರಳ ತುದಿ ಸೀಳಿ ರಕ್ತ ಬರುತ್ತಿತ್ತು. ರಕ್ತ ಕಾಗದಕ್ಕೆ ತಾಗಿದರೆ ಬೈಗುಳ.

ಗ್ರಿಜೆಲ್ ಲ್ಯಾಂಬ್ ನಮ್ಮಲ್ಲಿ ಹಿರಿಯಳು. ಇಪ್ಪತ್ತಮೂರು ವರ್ಷದ ಹಿಂದೆ ಗಂಡಸರು ಮುಷ್ಕರ ಹೂಡಿದಾಗ ಧಣಿಯ ಅಪ್ಪ ಊರ ಹುಡುಗಿಯರನ್ನು ಕರೆತಂದು ಅರ್ಧ ಕೂಲಿಗೆ ಈ ಕೆಲಸ ಕಲಿಸಿದ. ಆಗ ಬಂದವಳು ಅವಳು. ಆ ವರ್ಷ ಇದೇ ಪತ್ರಿಕೆ ಹೆಂಗಸರ ಬೆರಳು ಚುರುಕು, ಕಣ್ಣು ಚುರುಕು, ಮೇಲಾಗಿ ಕುಡಿಯುವುದಿಲ್ಲ ಎಂದು ಹೊಗಳಿತ್ತು. ಈಗ ಗಂಡಸರ ಸಂಘ ಬಲವಾಯಿತು. ಹೆಂಗಸರು ಹೋಗಬೇಕು, ಇಲ್ಲದಿದ್ದರೆ ನಾವು ಹೋಗುತ್ತೇವೆ ಎಂದಿತು. ಹೆಂಗಸರಿಗೂ ನಮ್ಮಷ್ಟೇ ಕೂಲಿ ಕೊಡು ಎಂದು ಅವರು ಕೇಳಬಹುದಿತ್ತು. ಆ ಮಾತು ಯಾವ ಗಂಡಸಿನ ಬಾಯಲ್ಲೂ ಬರಲಿಲ್ಲ. ಧಣಿ ಒಪ್ಪಿಬಿಟ್ಟ. ಸೆಪ್ಟೆಂಬರ್ ಕೊನೆಗೆ ನಾವು ಏಳೂ ಜನ ಹೊರಗೆ. ಹೊರಹಾಕುವುದಕ್ಕೆ ಕಾರಣ ಬೇಕಲ್ಲ, ಅದಕ್ಕೇ ಈ ಕೋಳಿಯ ಸಂಪಾದಕೀಯ.

ನಮ್ಮ ಕಡೆ ಅಚ್ಚುಮನೆಯ ಗಂಡಸರ ಸಂಘಕ್ಕೆ ಚಾಪೆಲ್ ಅನ್ನುತ್ತಾರೆ. ದೇವರಿಗೂ ಅದಕ್ಕೂ ಸಂಬಂಧವಿಲ್ಲ. ಅದರ ಯಜಮಾನ ಇಮ್ರಿ, ಮೀಸೆಗೆ ಎಣ್ಣೆ ಹಚ್ಚುವವನು. ಏನಾದರೂ ಮಾತಾಡಬೇಕಾದರೆ ಅವನು ಪುಟ ಕಟ್ಟುವ ಕಲ್ಲುಮೇಜಿಗೆ ಮರದ ಕೊಡತಿಯಿಂದ ಮೂರು ಸಲ ಕುಟ್ಟುತ್ತಾನೆ. ಕುಟ್ಟಿದ ಕೂಡಲೇ ಗಂಡಸರು ಸುತ್ತ ನಿಲ್ಲಬೇಕು. ಹೆಂಗಸರು ಹಿತ್ತಲಿನ ಕಲ್ಲಿದ್ದಲ ಅಂಗಳಕ್ಕೆ ನಡೆಯಬೇಕು. ಮಳೆಯಿರಲಿ, ಹಿಮವಿರಲಿ. "ಹೆಂಗಸರು ಹೊರಗೆ" ಅನ್ನುತ್ತಿದ್ದ, ಬೆಕ್ಕನ್ನು ಓಡಿಸುವವನ ಹಾಗೆ. ನಮ್ಮನ್ನು ಹೊರಹಾಕುವ ತೀರ್ಮಾನ ಆದದ್ದೂ ನಾವು ಆ ಅಂಗಳದಲ್ಲಿ ನಡುಗುತ್ತ ನಿಂತಿದ್ದಾಗಲೇ. ಹನ್ನೊಂದು ವರ್ಷ ನಾನು ಬಾಯಿ ಮುಚ್ಚಿಕೊಂಡು ಹೋಗಿ ನಿಂತೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಇನ್ನು ಧಣಿಯ ವಿಚಾರ. ಡಾಲ್ಗಾರ್ನೊಗೆ ಒಳ್ಳೆಯ ಕೋಟು, ಒಳ್ಳೆಯ ಬಂದೂಕು, ಒಳ್ಳೆಯ ಅಕ್ಷರ ಎಲ್ಲ ಇದ್ದವು. ಏನು ಬರೆದೆನೆಂದು ಒಂದು ಸಲ ತಿರುಗಿ ನೋಡುವ ಅಭ್ಯಾಸ ಮಾತ್ರ ಇರಲಿಲ್ಲ. ಪತ್ರಿಕೆ ಬಂದ ಮೇಲೆ ತನ್ನ ಸಂಪಾದಕೀಯ ಒಂದನ್ನು ಗಟ್ಟಿಯಾಗಿ ಓದಿಕೊಂಡು, ಉಳಿದದ್ದನ್ನು ನಾಯಿಯ ಕೆಳಗೆ ಹಾಸುತ್ತಿದ್ದ. ಹರಾಜಿನ ದಿನ ತಪ್ಪು, ಮದುವೆ ಗಂಡು ತಪ್ಪು, ಬಹುಮಾನ ಬಂದ ಹೋರಿ ತಪ್ಪು. ಚರ್ಚಿಗೆ ಹೋಗದೆ ಹೋದ ವರ್ಷದ ಪ್ರವಚನವನ್ನೇ ಈ ವಾರದ್ದೆಂದು ಬರೆದು ಕಳಿಸುತ್ತಿದ್ದ.

ಕಾಪಿ, ಅಂದರೆ ಅವನ ಕೈಬರಹದ ಹಾಳೆ, ಮೆಟ್ಟಿಲಿಳಿದು ನಮ್ಮ ಹತ್ತಿರ ಬರುತ್ತಿತ್ತು. ನಾವು ಓದುತ್ತಿದ್ದೆವು, ತಿದ್ದುತ್ತಿದ್ದೆವು, ಆಮೇಲೆ ಜೋಡಿಸುತ್ತಿದ್ದೆವು. ಜೆಸ್ಸಿ ಚರ್ಚಿಗೆ ಹೋಗುವವಳು, ಪ್ರವಚನ ಅವಳ ಪಾಲು. ಗ್ರಿಜೆಲಕ್ಕನ ಅಣ್ಣ ಜಾನುವಾರು ಸಂತೆಯಲ್ಲಿದ್ದ, ಹೋರಿ ಅವಳ ಪಾಲು. ನಾನು ಕಡಲಕೇರಿಯವಳು. ಹುಟ್ಟು, ಸಾವು, ದೋಣಿ, ಉಬ್ಬರ ಇಳಿತ ನನ್ನ ಪಾಲು. ಇಪ್ಪತ್ತು ವರ್ಷ ಊರಿನವರು "ಅಡ್ವರ್ಟೈಸರ್ ತಪ್ಪು ಹೇಳೋದಿಲ್ಲ" ಅನ್ನುತ್ತಿದ್ದರು. ಡಾಲ್ಗಾರ್ನೊ ಆ ಹೊಗಳಿಕೆಗೆ ಟೋಪಿ ಎತ್ತುತ್ತಿದ್ದ.

ಕೋಳಿ ಬರಹ ಅಚ್ಚಾದ ಶುಕ್ರವಾರ ಏಳೂ ಜನ ಕಲ್ಲಿದ್ದಲ ಅಂಗಳದಲ್ಲಿ ಕೂತೆವು. ಜೆಸ್ಸಿ ಅತ್ತಳು. ನಾನು ಕೇಸು ಬೋರಲು ಹಾಕಿ ಹೋಗೋಣ ಅಂದೆ.

"ಹಾಕಿದ್ರೆ ಎತ್ತೋರು ಯಾರೇ, ನಾವೇ ತಾನೆ?" ಅಂದಳು ಗ್ರಿಜೆಲಕ್ಕ. ಅವಳು ಬ್ರೆಡ್ಡಿನ ಮೇಲಿನ ಸೀಸದ ಪುಡಿಯನ್ನು ಊದುತ್ತಿದ್ದಳು. "ಅವನು ಹೇಳಿದ್ದು ಸರಿಯಾಗೇ ಇದೆ ಕಣ್ರೇ. ನಮಗೆ ಏನೂ ಅರ್ಥ ಆಗಲ್ಲ."

"ಅಕ್ಕಾ, ನಿಂಗೇನು ತಲೆ ಕೆಟ್ಟಿದ್ಯಾ?" ಅಂದೆ.

"ಕೋಳಿ ತಲೆ, ಇನ್ನೇನು ಕೆಡುತ್ತೆ. ಬಾ ನನ್ನ ಜೊತೆ."

ಮೇಲಿನ ಕೋಣೆಗೆ ಹೋದೆವು. ಡಾಲ್ಗಾರ್ನೊ ಬಂದೂಕಿನ ನಳಿಗೆ ಒರೆಸುತ್ತಿದ್ದ. ಆಗಸ್ಟ್ ತಿಂಗಳು, ಕಾಡುಕೋಳಿ ಬೇಟೆ ಶುರುವಾಗಿತ್ತು. ಗ್ರಿಜೆಲಕ್ಕ ಎಪ್ರನ್ನಿಗೆ ಕೈ ಒರೆಸಿಕೊಂಡು ತಲೆ ತಗ್ಗಿಸಿ ನಿಂತಳು. ಅಷ್ಟು ಪಾಪದ ಮುಖವನ್ನು ಅವಳಲ್ಲಿ ನಾನು ಮೊದಲು ನೋಡಿರಲಿಲ್ಲ.

"ಸರ್, ನಿಮ್ಮ ಬರಹ ಓದಿ ನಮಗೆಲ್ಲ ಬುದ್ಧಿ ಬಂತು ಸರ್."

"ಬಂತಾ? ಒಳ್ಳೇದು."

"ಈಗ ಒಂದೇ ಭಯ ಸರ್. ಇಷ್ಟು ವರ್ಷ ನಮ್ಮ ಪೆದ್ದುತನದಿಂದ ನಿಮ್ಮ ಬರಹದಲ್ಲಿ ಏನಾದ್ರೂ ಹೆಚ್ಚು ಕಮ್ಮಿ ಮಾಡ್ಬಿಟ್ಟಿದ್ದೀವೋ ಏನೋ. ಹೋಗೋ ಮುಂಚೆ ಈ ಒಂದೂವರೆ ತಿಂಗಳಾದ್ರೂ ಸರಿಯಾಗಿ ಮಾಡೋಣ ಅಂತ. ಒಂದು ನಿಯಮ ಬರೆದುಕೊಟ್ರೆ ಗೋಡೆಗೆ ಹಾಕ್ಕೋತೀವಿ."

ಅವನಿಗೆ ಖುಷಿಯಾಯಿತು. ಅಂಥವರಿಗೆ ನಿಯಮ ಬರೆಯುವುದೆಂದರೆ ಹಬ್ಬ. ಒಳ್ಳೆಯ ಕಾಗದ ತೆಗೆದು ದಪ್ಪ ಅಕ್ಷರದಲ್ಲಿ ಬರೆದ: "ಹೆಂಗಸರು ಕಾಪಿಯಲ್ಲಿದ್ದಂತೆಯೇ ಮೊಳೆ ಜೋಡಿಸತಕ್ಕದ್ದು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಮೀರಿದವರು ಅಂದೇ ಕೆಲಸದಿಂದ ಹೊರಗೆ." ಕೆಳಗೆ ಬಾಲ ಎಳೆದು ರುಜು ಹಾಕಿದ.

"ನೀವು ಒಂದು ಸಲ ಬರೆದ ಮೇಲೆ ಹಿಂದೆ ತಿರುಗಿ ನೋಡೋ ಪೈಕಿ ಅಲ್ಲ, ಅಲ್ವಾ ಸರ್" ಅಂದಳು ಗ್ರಿಜೆಲಕ್ಕ. ಅವನು ಅದನ್ನೂ ಹೊಗಳಿಕೆ ಅಂದುಕೊಂಡ. ನಾನು ಮೆಟ್ಟಿಲಿಳಿಯುವಾಗ ಎಪ್ರನ್ನು ಬಾಯಿಗೆ ತುರುಕಿಕೊಂಡಿದ್ದೆ.

ಮುಂದಿನ ವಾರ ಅವನಿಗೆ ಬೇಟೆಯ ಅವಸರ. ಬುಧವಾರದವರೆಗೆ ಬರೆಯಬೇಕಾದ್ದನ್ನೆಲ್ಲ ಎರಡು ದಿನದಲ್ಲಿ ಗೀಚಿ ಮುಗಿಸಿದ. ಕಾಪಿ ಬಂತು. ನಾವು ಓದಿದೆವು. ಏಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಜೋಡಿಸಿದೆವು.

ಮೊದಲನೆಯದು ಪ್ರವಚನ. ಹೋದ ಭಾನುವಾರ ಪಾದ್ರಿಗಳು ಗಂಟಲು ಕಟ್ಟಿ ಹಾಸಿಗೆಯಲ್ಲಿದ್ದರು, ಚರ್ಚಿನಲ್ಲಿ ಬರೀ ಹಾಡು ನಡೆದಿತ್ತು. ಡಾಲ್ಗಾರ್ನೊನ ಕಾಪಿಯಲ್ಲಿ ಪಾದ್ರಿಗಳು ಐವತ್ತು ನಿಮಿಷ ಅಮೋಘವಾಗಿ ಮಾತಾಡಿದ್ದರು. ಜೆಸ್ಸಿ ಅದನ್ನು ಭಕ್ತಿಯಿಂದ ಜೋಡಿಸಿದಳು.

ಎರಡನೆಯದು ಮದುವೆ. ಅದೂ ಯಾರದು, ಚಾಪೆಲ್ಲಿನ ಯಜಮಾನ ಇಮ್ರಿಯ ಮಗಳದು. ಅವಳು ಮದುವೆಯಾದದ್ದು ವಿಲಿಯಂ ಟಾಕರ್ ಎಂಬ ಪೀಪಾಯಿ ಮಾಡುವವನನ್ನು. ಕಾಪಿಯಲ್ಲಿ ಧಣಿ ಅವಳನ್ನು ವಿಲಿಯಮನ ಅಣ್ಣ ಜಾರ್ಜನಿಗೆ ಕಟ್ಟಿಬಿಟ್ಟಿದ್ದ. ಜಾರ್ಜನಿಗೆ ಆಗಲೇ ಹೆಂಡತಿ, ನಾಲ್ಕು ಮಕ್ಕಳು. ಇಮ್ರಿ ಮದುವೆಯ ಗದ್ದಲಕ್ಕೆಂದು ಎರಡು ದಿನ ರಜೆ ಹಾಕಿದ್ದ. ಪುಟ ಕಟ್ಟುವ ಉಳಿದ ಗಂಡಸರು ಓದುವುದಿಲ್ಲ, ಅಳೆಯುತ್ತಾರೆ. ಗ್ರಿಜೆಲಕ್ಕ ಆ ಮದುವೆಯನ್ನು ತಾನೇ ಜೋಡಿಸುತ್ತೇನೆ ಅಂದಳು. ಸುತ್ತ ಹೂವಿನ ಅಂಚನ್ನೂ ಇಟ್ಟಳು.

"ಹೂವು ಕಾಪಿಲಿ ಇತ್ತಾ ಅಕ್ಕಾ?" ಅಂದೆ.

"ಮದುವೆಗೆ ಹೂವು ಅಂತ ಹಳೇ ಧಣಿ ಕಾಲದ ಪದ್ಧತಿ ಕಣೆ. ಅಕ್ಷರ ಅಲ್ಲ ಅದು."

ಮೂರನೆಯದು ಸಾವು. "ಕಡಲಕೇರಿಯ ದೋಣಿಯೊಡೆಯ ಜಾನ್ ಮೇರ್ ಮಂಗಳವಾರ ದೈವಾಧೀನರಾದರು." ಅಷ್ಟೇ. ಓದಿದರೆ ಏನೂ ತಪ್ಪಿಲ್ಲ. ಆದರೆ ನಮ್ಮ ಕೇರಿಯಲ್ಲಿ ಒಂಬತ್ತು ಜನ ಜಾನ್ ಮೇರ್ ಇದ್ದಾರೆ, ಒಂಬತ್ತೂ ಜನ ದೋಣಿಯೊಡೆಯರೇ. ಅಪ್ಪನ ಹೆಸರು, ತಾತನ ಹೆಸರು ಇಟ್ಟು ಇಟ್ಟು ಇಡೀ ಕೇರಿಗೆ ನಾಲ್ಕೈದೇ ಹೆಸರು. ಅದಕ್ಕೇ ಪ್ರತಿಯೊಬ್ಬನಿಗೂ ಒಂದು ಅಡ್ಡಹೆಸರು. ಜಾನ್ ಬಿಸ್ಕತ್ತು, ಜಾನ್ ಗೂಟ, ಜಾನ್ ಹೊಸಬೂಟು, ಹೀಗೆ. ನಮ್ಮಪ್ಪ ಸೂಜಿ, ಅದಕ್ಕೇ ನಾನೂ ಸೂಜಿ ನೆಟ್ಟಿ. ಚರ್ಚಿನ ಪುಸ್ತಕದಲ್ಲೂ, ಅಂಚೆಯವನ ಬಾಯಲ್ಲೂ ಅಡ್ಡಹೆಸರು ಇರುತ್ತದೆ. ಡಾಲ್ಗಾರ್ನೊಗೆ ಅದು ಕೀಳು ಜನರ ಭಾಷೆ, ಅವನು ಬರೆಯುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಸತ್ತ ಪ್ರತಿಯೊಬ್ಬನ ಹೆಸರಿನ ಮುಂದೆ ಅದನ್ನು ಸೇರಿಸಿದವಳು ನಾನು. ಸತ್ತದ್ದು ಎಂಬತ್ತನಾಲ್ಕು ವರ್ಷದ ಜಾನ್ ಗೂಟ. ಈ ಸಲ ಸೇರಿಸಲಿಲ್ಲ. ಸಂಜೆ ಗೂಟನ ಹೆಂಡತಿಯ ಮನೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಮುದುಕಿ ಕಣ್ಣೊರೆಸಿಕೊಂಡು, "ನಮ್ಮೋರು ಬದುಕಿದ್ದಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ರು, ಮಾಡ್ರೇ ಮಾಡಿ" ಅಂದಳು.

ಡಾಲ್ಗಾರ್ನೊ ಗುರುವಾರ ಮಧ್ಯಾಹ್ನದ ರೈಲಿಗೆ ಹೊರಟ. ಗ್ರಿಜೆಲಕ್ಕ ಕರಡು ಅಚ್ಚನ್ನೆಲ್ಲ ಹಿಡಿದುಕೊಂಡು ನಿಲ್ದಾಣಕ್ಕೇ ಹೋದಳು. "ಓದಿ ರುಜು ಹಾಕಿ ಸರ್" ಅಂದಳಂತೆ. ಅವನು ಮೊಣಕಾಲ ಮೇಲಿಟ್ಟುಕೊಂಡು, ಓದದೆ, ಎಲ್ಲದಕ್ಕೂ ರುಜು ಎಳೆದ.

ಇಲ್ಲಿಯವರೆಗೆ ಬರೀ ತಮಾಷೆ.

ಗುರುವಾರ ನಾಲ್ಕು ಗಂಟೆಗೆ ನಾನು ಕೊನೆಯ ಪುಟದ ಗ್ಯಾಲಿಯಲ್ಲಿ, ಅಂದರೆ ಲೋಹದ ತಟ್ಟೆಯಲ್ಲಿ, ಜೋಡಿಸಿಟ್ಟ ಮೊಳೆಗೆ ದಾರ ಸುತ್ತುತ್ತಿದ್ದೆ. ಉಬ್ಬರದ ಪಟ್ಟಿ ಅದರಲ್ಲಿತ್ತು. ನಾನು ಬೇರೆ ಕೆಲಸದಲ್ಲಿದ್ದಾಗ ಜೆಸ್ಸಿ ಅದನ್ನು ಜೋಡಿಸಿ ಮುಗಿಸಿದ್ದಳು. ಮೊಳೆಯನ್ನು ತಲೆಕೆಳಗಾಗಿ ಓದುವುದು ನಮಗೆ ಅನ್ನ ಉಂಡಷ್ಟು ಸಲೀಸು. ಸೋಮವಾರ, ಉಬ್ಬರ, ಎರಡೂವರೆ ಎಂದಿತ್ತು.

ಸೋಮವಾರ ಹುಣ್ಣಿಮೆ. ಹುಣ್ಣಿಮೆ ದಿನ ನಮ್ಮ ಅಳಿವೆಯಲ್ಲಿ ನೀರು ತುಂಬುವುದು ನಡುಹಗಲಿಗೆ. ಅದು ನಮ್ಮ ಕೇರಿಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಡಾಲ್ಗಾರ್ನೊ ಪಂಚಾಂಗದಲ್ಲಿ ದಕ್ಷಿಣದ ಲೀತ್ ಬಂದರಿನ ಕಾಲಮ್ಮಿಗೆ ಕಣ್ಣು ಹಾಕಿ ಇಳಿಸಿಬಿಟ್ಟಿದ್ದ. ವಾರವಿಡೀ ಎರಡೂವರೆ ಗಂಟೆ ತಪ್ಪು.

ನಮ್ಮ ಅಳಿವೆಯ ಬಾಯಲ್ಲಿ ಮರಳದಿಣ್ಣೆಯಿದೆ. ನೀರು ಇಳಿಯತೊಡಗಿದ ಮೇಲೆ ಅಲೆ ಅಲ್ಲಿ ಎದ್ದು ಒಡೆಯುತ್ತದೆ. ನಮ್ಮೂರ ದೋಣಿಗಳಿಗೆ ಪಟ್ಟಿ ಬೇಡ. ಆದರೆ ಅದು ಹೆರಿಂಗ್ ಮೀನಿನ ಕಾಲ. ಹೊರಗಿನಿಂದ ನಲವತ್ತು ದೋಣಿ ಬಂದಿದ್ದವು. ಅವರೆಲ್ಲ ನಮ್ಮ ಪತ್ರಿಕೆಯಿಂದ ಆ ಪಟ್ಟಿಯನ್ನು ಕತ್ತರಿಸಿ ಚುಕ್ಕಾಣಿ ಕೋಣೆಯಲ್ಲಿ ಅಂಟಿಸಿಕೊಳ್ಳುತ್ತಿದ್ದರು.

"ಅಕ್ಕಾ, ಇದನ್ನ ಬದಲಾಯಿಸ್ಬೇಕು."

ಗ್ರಿಜೆಲಕ್ಕ ಬಂದು ನೋಡಿದಳು. ಗೋಡೆಯ ಮೇಲಿನ ನಿಯಮವನ್ನೂ ನೋಡಿದಳು.

"ಒಂದು ಅಂಕಿ ಮುಟ್ಟಿದ್ರೂ ಅವನ ಕೈಗೆ ಜುಟ್ಟು ಕೊಟ್ಟಂಗೆ ಕಣೆ ನೆಟ್ಟಿ. ಮಿಕ್ಕಿದ್ದೆಲ್ಲ ನಾವೇ ಮಾಡಿದ್ದು ಅಂತಾನೆ. ಸೆಪ್ಟೆಂಬರ್ ತನಕ ಕಾಯಲ್ಲ, ಅವತ್ತೇ ಓಡಿಸ್ತಾನೆ."

"ಓಡಿಸ್ಲಿ."

"ನಿನ್ನ ಮನೇಲಿ ದುಡಿಯೋರು ಯಾರಿದ್ದಾರೆ?"

ಯಾರೂ ಇರಲಿಲ್ಲ. ಅಪ್ಪ ಸೂಜಿ ಅದೇ ಅಳಿವೆಯಲ್ಲಿ ಹೋದವನು. ನನಗೆ ಆಗ ಒಂಬತ್ತು ವರ್ಷ. ದಡದಲ್ಲಿ ನಿಂತು ನೋಡಿದ್ದೆ. ಇದನ್ನು ನಾನು ಹೇಳಲಿಲ್ಲ, ಅವಳಿಗೆ ಗೊತ್ತಿತ್ತು.

"ಪಾದ್ರಿ ಮಾತಾಡ್ಲಿ, ಜಾರ್ಜ್‌ಗೆ ಎರಡು ಹೆಂಡ್ರಾಗ್ಲಿ. ಸಮುದ್ರದ ಜೊತೆ ಆಟ ಆಡಲ್ಲ ನಾನು" ಅಂದೆ.

ಅವಳು ಎಪ್ರನ್ನಿನ ಜೇಬಿನಿಂದ ಮೊಳೆ ಕೀಳುವ ತನ್ನ ಚಿಮುಟ ತೆಗೆದು ನನ್ನ ಕೈಗಿಟ್ಟಳು. ಆ ಚಿಮುಟವನ್ನು ಅವಳು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಪಂಚಾಂಗ ತೆರೆದು ಏಳು ದಿನಕ್ಕೆ ಹದಿನಾಲ್ಕು ಹೊತ್ತನ್ನೂ ಬದಲಾಯಿಸಿದೆ.

ಕಾಪಿಯ ಹಾಳೆಯನ್ನು ಒಲೆಗೆ ಹಾಕಲು ಹೋದೆ. ಅವಳು ಕೈ ಹಿಡಿದಳು. ಜೋಡಿಸಿ ಮುಗಿದ ಕಾಪಿಯನ್ನೆಲ್ಲ ಕಿಟಕಿಯ ಪಕ್ಕದ ಚೂಪು ಕಂಬಿಗೆ ಚುಚ್ಚಿಡುವುದು ಅಲ್ಲಿನ ಪದ್ಧತಿ.

"ಇದೂ ಕಂಬಿಗೇ ಹೋಗ್ಬೇಕು. ಒಂದು ಹಾಳೆ ಕಮ್ಮಿ ಇದ್ರೂ ಉಳಿದಿದ್ದನ್ನ ಯಾರೂ ನಂಬಲ್ಲ."

ನನ್ನ ಕೆಲಸ ಕಳೆಯಬಲ್ಲ ಹಾಳೆಯನ್ನು ನಾನೇ ಕಂಬಿಗೆ ಚುಚ್ಚಿದೆ.

ಶುಕ್ರವಾರ ಪತ್ರಿಕೆ ಬಂತು. ಶನಿವಾರ ಕಡಲಕೇರಿಯ ಒಂಬತ್ತು ಮನೆಗೆ ನೆಂಟರು ಬಂದರು. ನಮ್ಮಲ್ಲಿ ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವುದಿಲ್ಲ, ಬೇಯಿಸಿದ ಹಂದಿತೊಡೆ ಹೊತ್ತುಕೊಂಡು ಹೋಗುತ್ತಾರೆ. ಒಂಬತ್ತು ಮನೆಗೂ ಹಂದಿತೊಡೆ ಹೋಯಿತು. ಜಾನ್ ಹೊಸಬೂಟಿನ ಮೈದುನ ಊರಾಚೆಯಿಂದ ಅಳುತ್ತ ಬಂದು, ಹಿತ್ತಲಲ್ಲಿ ಬಲೆ ಹೊಲಿಯುತ್ತಿದ್ದ ಸತ್ತವನನ್ನು ನೋಡಿ, ಹಳೇ ಜಗಳ ನೆನಪಾಗಿ ಹೊಡೆದೇಬಿಟ್ಟ. ಜಾರ್ಜ್ ಟಾಕರನ ಹೆಂಡತಿ ಪತ್ರಿಕೆಯನ್ನು ಸುರುಳಿ ಸುತ್ತಿಕೊಂಡು ಇಮ್ರಿಯ ಮನೆಗೆ ಹೋದಳು. ಸುರುಳಿಯೊಳಗೆ ಇಸ್ತ್ರಿಪೆಟ್ಟಿಗೆಯ ಹಿಡಿ ಇತ್ತಂತೆ.

ಡಾಲ್ಗಾರ್ನೊ ಬುಧವಾರ ಬೇಟೆಯಿಂದ ಬಂದ. ನಿಲ್ದಾಣದಲ್ಲೇ ಜನ ಅವನನ್ನು ಹಿಡಿದರು. ಅವನು ನೇರ ಮೊಳೆಮನೆಗೆ ನುಗ್ಗಿದ. ಹಿಂದೆ ಪಾದ್ರಿಗಳು, ಇನ್ನೂ ಮಾತು ಹೊರಡದ ಗಂಟಲಿಗೆ ಉಣ್ಣೆಬಟ್ಟೆ ಸುತ್ತಿಕೊಂಡು. ಅವರ ಹಿಂದೆ ಸ್ವತಃ ಜಾನ್ ಮೇರ್ ಬಿಸ್ಕತ್ತು, ಆರಡಿ ಮನುಷ್ಯ. ಇಮ್ರಿ ಆಗಲೇ ಒಳಗಿದ್ದ, ಹುಬ್ಬಿನ ಮೇಲೆ ಪಟ್ಟಿ ಹಾಕಿಕೊಂಡು.

"ನೋಡಿ, ಇವರೇ ಆ ಹೆಂಗಸರು" ಎಂದ ಡಾಲ್ಗಾರ್ನೊ. "ಕೆಲಸದಿಂದ ತೆಗೀತಾರೆ ಅಂತ ಹೊಟ್ಟೆಕಿಚ್ಚಿಗೆ ಬೇಕೂಂತ ಮಾಡಿದ್ದು. ನಾನು ಬರೆದಿದ್ದನ್ನೆಲ್ಲ ಕೆಡಿಸಿದ್ದಾರೆ."

"ನಾನು ಸತ್ತೆ ಅಂತ ಬರೆದೋರು ಯಾರು?" ಎಂದ ಜಾನ್ ಬಿಸ್ಕತ್ತು. "ಐದು ದಿನದಿಂದ ನನ್ನ ಹೆಂಡ್ತಿ ವಿಧವೆ ಆಗಿ ಆಗಿ ಸುಸ್ತಾಗಿದ್ದಾಳೆ. ಹಂದಿತೊಡೆ ಚೆನ್ನಾಗಿತ್ತು, ಅದು ಬೇರೆ ವಿಷಯ."

ಗ್ರಿಜೆಲಕ್ಕ ಸ್ಟಿಕ್ಕು ಕೆಳಗಿಟ್ಟಳು. ಕಿಟಕಿಯ ಹತ್ತಿರ ಹೋಗಿ ಕಂಬಿಯನ್ನೇ ಎತ್ತಿ ತಂದು ಕಲ್ಲುಮೇಜಿನ ಮೇಲಿಟ್ಟಳು. ಹೆಂಗಸರು ಆ ಮೇಜನ್ನು ಮುಟ್ಟುವಂತಿರಲಿಲ್ಲ. ಯಾರಿಗೂ ಅದು ಆಗ ನೆನಪಾಗಲಿಲ್ಲ. ಒಂದೊಂದೇ ಹಾಳೆ ಬಿಡಿಸಿ ಹಂಚಿದಳು.

"ಇದು ಪ್ರವಚನ, ಪಾದ್ರಿಗಳೇ ನೋಡಿ. ಇದು ಮದುವೆ, ತಗೊಳ್ಳಿ ಮಿಸ್ಟರ್ ಇಮ್ರಿ. ಇದು ನಿನ್ನ ಸಾವು ಕಣಪ್ಪ ಜಾನ್. ಅಕ್ಷರ ಯಾರದು ಅಂತ ನೀವೇ ಹೇಳಿ. ಕರಡಿನ ಮೇಲಿರೋ ರುಜು ಇದು. ಗೋಡೆ ಮೇಲಿರೋ ನಿಯಮ ಅದು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ."

ಇಮ್ರಿ ತನ್ನ ಹಾಳೆಯನ್ನು ಎರಡು ಸಲ ಓದಿದ. ಹುಬ್ಬು ಮುಟ್ಟಿಕೊಂಡ. ಪಾದ್ರಿಗಳು ಮಾತಾಡಲಾಗದೆ ತಮ್ಮ ಹಾಳೆಯನ್ನು ಡಾಲ್ಗಾರ್ನೊನ ಮೂಗಿನ ಮುಂದೆ ಹಿಡಿದು ಅಲ್ಲಾಡಿಸಿದರು.

"ಇಷ್ಟು ವರ್ಷ ಸರಿಯಾಗಿ ಬರ್ತಿತ್ತಲ್ಲ, ಅದು ಹೇಗೆ?" ಎಂದ ಜಾನ್ ಬಿಸ್ಕತ್ತು.

"ಅದನ್ನ ಕೋಳಿಗಳನ್ನ ಕೇಳ್ಬೇಕು" ಅಂದಳು ಜೆಸ್ಸಿ, ತಲೆಯೆತ್ತದೆ, ಮೊಳೆ ಹೆಕ್ಕುತ್ತಲೇ.

ಡಾಲ್ಗಾರ್ನೊ ಕೆಂಪಗಾಗಿದ್ದ. ಕಂಬಿಯನ್ನು ಕಿತ್ತುಕೊಂಡು ಉಳಿದ ಹಾಳೆಗಳನ್ನು ಪತ್ರಿಕೆಯ ಜೊತೆ ಹೋಲಿಸತೊಡಗಿದ. ಜೀವನದಲ್ಲಿ ಮೊದಲ ಸಲ ತಾನು ಬರೆದದ್ದನ್ನು ತಿರುಗಿ ಓದುತ್ತಿದ್ದ. ಕೊನೆಗೆ ಆ ಹಾಳೆ ಸಿಕ್ಕಿತು.

"ಇಲ್ಲಿದೆ" ಎಂದ. ಧ್ವನಿಯಲ್ಲಿ ಗೆಲುವಿತ್ತು. "ಉಬ್ಬರದ ಪಟ್ಟಿ. ಸೋಮವಾರ ನಾನು ಬರೆದದ್ದು ಎರಡೂವರೆ. ಅಚ್ಚಾಗಿರೋದು ಹನ್ನೆರಡು. ಏಳು ದಿನಾನೂ ಬದಲಾಯಿಸಿದ್ದಾರೆ. ನೋಡಿ ಎಲ್ಲರೂ, ನಿಯಮ ಮುರಿದಿದ್ದಾರೆ. ಯಾರು ಮಾಡಿದ್ದು ಇದು?"

"ನಾನು" ಅಂದೆ.

"ಚಿಮುಟ ನನ್ನದು ಸರ್" ಅಂದಳು ಗ್ರಿಜೆಲಕ್ಕ.

"ಇಬ್ಬರೂ ಎಪ್ರನ್ ಬಿಚ್ಚಿ. ಈಗಲೇ ನಡೀರಿ."

ನಾನು ಬೆನ್ನ ಹಿಂದಿನ ಗಂಟು ಬಿಚ್ಚತೊಡಗಿದೆ. ಅದು ಇನ್ನೂ ಬಿಗಿಯಾಯಿತು. ಆಗ ಜಾನ್ ಬಿಸ್ಕತ್ತು ಕೈ ಚಾಚಿದ.

"ಕೊಡಿ ಇಲ್ಲಿ ಆ ಕಾಗದ."

ಅವನು ಓದುವುದು ನಿಧಾನ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದ. ಶುಕ್ರವಾರ ಓದಿದ, ಶನಿವಾರ ಓದಿದ, ಸೋಮವಾರಕ್ಕೆ ಬಂದು ಬೆರಳು ನಿಂತಿತು.

"ಸೋಮವಾರ ನನ್ನ ಅಳಿಯ ಮರ್ಡೊ ಒಳಗೆ ಬಂದ" ಅಂದ. ಈಗ ಅವನ ಧ್ವನಿ ಸಣ್ಣಗಿತ್ತು. "ಪಶ್ಚಿಮದ ದ್ವೀಪದೋನು, ಈ ಅಳಿವೆ ಅವನಿಗೆ ಹೊಸದು. ಇದೇ ಪೇಪರ್ ಕತ್ತರಿಸಿ ಅಂಟಿಸ್ಕೊಂಡಿದ್ದ. ಹನ್ನೆರಡಕ್ಕೆ ಒಳಗೆ ಬಂದ. ದೋಣಿ ತುಂಬ ಮೀನು, ಐದು ಜನ ಆಳು."

ಹಾಳೆಯನ್ನು ಡಾಲ್ಗಾರ್ನೊನ ಎದೆಗೆ ಒತ್ತಿ ಹಿಡಿದ.

"ನೀವು ಬರೆದ ಹಾಗೆ ಎರಡೂವರೆಗೆ ಬಂದಿದ್ರೆ?"

ಡಾಲ್ಗಾರ್ನೊ ಹಾಳೆ ನೋಡಿದ. ಅವನಿಗೆ ಅದು ಆಗಲೂ ತಿಳಿಯಲಿಲ್ಲ. ಅವನಿಗೆ ತಿಳಿಯುತ್ತಿದ್ದದ್ದು ಒಂದೇ, ನಾನು ಮೀರಿದ್ದೇನೆ. ನನ್ನ ಕಡೆ ತಿರುಗಿ ಕೂಗಿದ.

"ನಿನಗೆ ಏನು ಅಧಿಕಾರ ಇತ್ತು? ಕಾಪಿಯಲ್ಲಿದ್ದಂತೆ ಅಂತ ನಾನು ಬರೆದುಕೊಟ್ಟಿರಲಿಲ್ವಾ?"

"ಕೊಟ್ಟಿದ್ರಿ ಸರ್. ತಪ್ಪಾಯ್ತು" ಅಂದೆ. "ಅದೊಂದು ನನಗೆ ಅರ್ಥ ಆಗ್ಬಿಡ್ತು."

ಜಾನ್ ಬಿಸ್ಕತ್ತು ಟೋಪಿ ತೆಗೆದು ಕೈಯಲ್ಲಿ ಹಿಡಿದ. ಅವನು ಟೋಪಿ ತೆಗೆಯುವುದು ಚರ್ಚಿನಲ್ಲಿ ಮಾತ್ರ.

"ಸೂಜಿ ಮಗಳು ನೀನು, ಅಲ್ವಾ?"

"ಹೂಂ ಮಾವ."

"ಕೇಳಿ ಸ್ವಾಮಿ" ಅಂದ ಡಾಲ್ಗಾರ್ನೊಗೆ. "ಈ ಹೆಣ್ಣುಮಕ್ಕಳು ಇಲ್ಲಿ ಇಲ್ಲ ಅಂದ್ರೆ ನಿಮ್ಮ ಪೇಪರು ನಮ್ಮ ಕೇರಿಗೆ ಮೀನು ಕಟ್ಟೋಕೂ ಬೇಡ. ಮೀನು ಹರಾಜಿನ ಜಾಹೀರಾತೂ ಬೇರೆ ಊರಿಗೆ ಹೋಗುತ್ತೆ. ಒಂಬತ್ತು ಜನ ಜಾನ್ ಮೇರೂ ಇದನ್ನೇ ಹೇಳ್ತಾರೆ. ಗೂಟ ಒಬ್ಬ ಹೇಳಲಾರ, ಪಾಪ, ಅವನು ನಿಜವಾಗ್ಲೂ ಸತ್ತಿದ್ದಾನೆ. ಅವನ ಪರವಾಗಿ ನಾನೇ ಹೇಳ್ತೀನಿ."

ಜಾಹೀರಾತು ಅಂದಾಗ ಡಾಲ್ಗಾರ್ನೊಗೆ ಎಲ್ಲ ತಿಳಿಯಿತು. ಗೋಡೆಯ ಕಾಗದ ಕಿತ್ತುಕೊಂಡು ಮೆಟ್ಟಿಲು ಹತ್ತಿದ. ಅರ್ಧ ಹತ್ತಿ, ತಿರುಗದೆ, "ಎಪ್ರನ್ ಕಟ್ಟಿಕೊಳ್ಳಿ" ಅಂದ. ನಮ್ಮ ಏಳೂ ಜನರ ಕೆಲಸ ಉಳಿದದ್ದು ಹೀಗೆ. ಕ್ಷಮೆ ಅನ್ನುವ ಪದ ಅವನ ಕಾಪಿಯಲ್ಲಿ ಎಂದೂ ಬರಲಿಲ್ಲ.

ಪೂರಾ ಗೆದ್ದೆವು ಅಂತ ಸುಳ್ಳು ಹೇಳಲಾರೆ. ನಮ್ಮ ನಂತರ ಒಬ್ಬ ಹುಡುಗಿಯನ್ನೂ ಅಲ್ಲಿ ಸೇರಿಸಿಕೊಳ್ಳಲಿಲ್ಲ. ಗಂಡಸರ ಸಂಘ ಆ ಪಟ್ಟು ಬಿಡಲಿಲ್ಲ. ಬೆರಳು ಚುರುಕಿದ್ದ ಎಷ್ಟು ಹುಡುಗಿಯರು ಮೀನಿನ ಕರುಳು ತೆಗೆಯುವ ಕೆಲಸಕ್ಕೆ ಹೋದರು. ಆ ಸಿಟ್ಟು ನನಗೆ ಇಂದಿಗೂ ಆರಿಲ್ಲ.

ಆದರೆ ಅವತ್ತಿನ ಮಧ್ಯಾಹ್ನವನ್ನು ಹೇಳದೆ ಮುಗಿಸಬಾರದು. ಬಂದವರೆಲ್ಲ ಹೋದ ಮೇಲೆ ಇಮ್ರಿ ಮರದ ಕೊಡತಿ ತೆಗೆದುಕೊಂಡ. ಕಲ್ಲುಮೇಜಿಗೆ ಮೂರು ಸಲ ಕುಟ್ಟಿದ. ಗಂಡಸರು ಸುತ್ತ ನಿಂತರು. ನಮ್ಮ ವಿಷಯವೇ ಮಾತಾಡಲಿಕ್ಕೆ ಅಂತ ಗೊತ್ತಿತ್ತು. ಹೊರಗೆ ಜಡಿಮಳೆ.

"ಹೆಂಗಸರು ಹೊರಗೆ."

ಜೆಸ್ಸಿಯ ಕಾಲು ಅಭ್ಯಾಸಬಲದಿಂದ ಬಾಗಿಲ ಕಡೆ ತಿರುಗಿತು. ಗ್ರಿಜೆಲಕ್ಕ ಕದಲಲಿಲ್ಲ. ನಾನೂ ಕದಲಲಿಲ್ಲ. ಜೆಸ್ಸಿ ಕಾಲನ್ನು ವಾಪಸ್ಸು ತಂದಳು. ಏಳು ಕೇಸಿನ ಮುಂದೆ ಏಳು ಜನ ನಿಂತೇ ಇದ್ದೆವು.

"ಕಿವಿ ಕೇಳಿಸಲ್ವಾ? ಚಾಪೆಲ್ ಸೇರಿದೆ. ಹೊರಗೆ ನಡೀರಿ."

ಗ್ರಿಜೆಲಕ್ಕ ಒಂದು ಮೊಳೆ ಹೆಕ್ಕಿ ಸ್ಟಿಕ್ಕಿಗೆ ಇಟ್ಟಳು. ಟಿಕ್ ಎಂದಿತು.

"ನೀವು ಮಾತಾಡಿ ಮಿಸ್ಟರ್ ಇಮ್ರಿ" ಅಂದಳು. "ನಮಗೇನೂ ಅರ್ಥ ಆಗಲ್ಲ."

ಯಾರೋ ಒಬ್ಬ ಗಂಡಸು ನಗು ತಡೆಯಲಾಗದೆ ಕೆಮ್ಮಿದ. ಇಮ್ರಿ ಕೊಡತಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಬಾಗಿಲು ನೋಡಿದ, ನಮ್ಮನ್ನು ನೋಡಿದ, ಹುಬ್ಬಿನ ಪಟ್ಟಿ ಮುಟ್ಟಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡು ಮಾತು ಶುರುಮಾಡಿದ. ನಾವು ಏಳೂ ಜನ ತಲೆ ತಗ್ಗಿಸಿ ಮೊಳೆ ಹೆಕ್ಕುತ್ತ ನಿಂತೆವು, ಒಂದು ಮಾತೂ ಬಿಡದೆ ಕೇಳಿಸಿಕೊಳ್ಳುತ್ತ.